ಉಳ್ಳಾಗಡ್ಡಿಯ ಪ್ರಶ್ನೆ ಹೊತ್ತು ಉಗಾಂಡಾಕ್ಕೆ

ಹಲಸೂರು

ವಿದೇಶಕ್ಕೆ ಹೊರಟವರಿಗೆ ನೆಂಟರಿಷ್ಟರು ಏನೇನೋ ತರಲು ಹೇಳುತ್ತಾರೆ. ವಾಚು, ಸೆಂಟು, ಚಾಕಲೇಟು. ನಾನು ಉಗಾಂಡಾಕ್ಕೆ ಹೊರಟಿದ್ದೇನೆಂದು ತಿಳಿದಾಗ ಯಾರೂ ಏನೂ ಕೇಳಲಿಲ್ಲ. ಅಲ್ಲಿ ಏನು ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಫರೀದಾ, ಶಿವಾಜಿನಗರದವಳು, ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಎಲ್ರೂ ಲಂಡನ್‌ಗೆ ಹೋಗ್ತಾರೆ, ಅಮೆರಿಕಾಗೆ ಹೋಗ್ತಾರೆ. ನಿಂಗ್ ನೋಡು ವಿಮಲಾ, ಸಿಕ್ಕಿದ್ದು ಸಿಂಹ ಇರೋ ಊರು!"

ಕೇಳಿದವಳು ಮಲ್ಲಮ್ಮ ಒಬ್ಬಳೇ, ನಮ್ಮ ಆಸ್ಪತ್ರೆಯ ಪುಟ್ಟ ರೋಗಿಯೊಬ್ಬನ ತಾಯಿ. ಅವಳಿಗೆ ಬೇಕಾಗಿದ್ದುದು ಒಂದು ಉತ್ತರ.

ನಾನು ಕಂಟೋನ್ಮೆಂಟಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕ್ರಿಮಿ ಬೆಳೆಸುವವಳು. ಹೀಗೆಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ರೋಗಿಯ ರಕ್ತವನ್ನೋ ಕೀವನ್ನೋ ತಟ್ಟೆಯ ಮೇಲೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಯಾವ ಕ್ರಿಮಿ ಬೆಳೆಯಿತು, ಯಾವ ಔಷಧಿಗೆ ಸತ್ತಿತು ಎಂದು ನೋಡುವುದು ನನ್ನ ಕೆಲಸ. ಪೂರ್ವ ಉಗಾಂಡಾದ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ಕೂಸುಗಳ ತಲೆಯಲ್ಲಿ ನೀರು ತುಂಬುವ ಕಾಯಿಲೆಗೆ ಕಾರಣ ಹುಡುಕುತ್ತಿದ್ದರು. ಡಾಕ್ಟರುಗಳು ಇದನ್ನು ಹೈಡ್ರೋಸೆಫಾಲಸ್ ಎನ್ನುತ್ತಾರೆ. ಅವರಿಗೆ ಕೆಲವು ವಾರಗಳ ಮಟ್ಟಿಗೆ ಲ್ಯಾಬಿನಲ್ಲಿ ನುರಿತ ಕೈ ಬೇಕಿತ್ತು. ನಮ್ಮ ಶಸ್ತ್ರಚಿಕಿತ್ಸಕರಿಗೆ ಅವರ ಪರಿಚಯವಿತ್ತು. ಹೀಗೆ ನನ್ನ ಹೆಸರು ಬಂತು.

ಮಿದುಳಿನೊಳಗೆ ಎಲ್ಲರಿಗೂ ದಿನವೂ ಒಂದಿಷ್ಟು ನೀರು ಹುಟ್ಟುತ್ತದೆ, ಹರಿದು ಹೋಗುತ್ತದೆ. ಹರಿಯುವ ದಾರಿ ಕಟ್ಟಿಕೊಂಡರೆ ಒಳಗೇ ನಿಲ್ಲುತ್ತದೆ. ಕೂಸಿನ ತಲೆಬುರುಡೆ ಇನ್ನೂ ಮೆತ್ತಗಿರುವುದರಿಂದ ತಲೆ ಹಿಗ್ಗುತ್ತದೆ, ಕಣ್ಣು ಕೆಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಇದಕ್ಕೆ ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಅಡಿಯಲ್ಲಿ ಒಂದು ಸಣ್ಣ ಕೊಳವೆ ಹಾಕುತ್ತಿದ್ದರು. ಮಲ್ಲಮ್ಮನ ಮಗ ಬಸುವಿಗೂ ಹಾಕಿದ್ದರು. ಕೊಳವೆಗೆ ಸೋಂಕು ತಗುಲಿ ಅವನು ಮತ್ತೆ ವಾರ್ಡಿಗೆ ಬಂದಾಗ ಅವನ ತಲೆಯ ನೀರು ನನ್ನ ಮೇಜಿಗೆ ಬಂತು. ಮಲ್ಲಮ್ಮ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ರಿಪೋರ್ಟಿಗಾಗಿ ಕಾದು ಕೂತಳು. ಹಾಗೆ ಶುರುವಾಯಿತು ನಮ್ಮ ಸ್ನೇಹ.

ಅವಳದು ಯಾದಗಿರಿ ಕಡೆಯ ಹಳ್ಳಿ. ಗಂಡ ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕೆಲಸಕ್ಕೆ ಬಂದು ಬೈಯಪ್ಪನಹಳ್ಳಿಯಲ್ಲಿ, ರೈಲು ಹಳಿಯ ಹತ್ತಿರ, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಬಸು ಹುಟ್ಟಿದ್ದು ಊರಿನಲ್ಲಿ. ಹುಟ್ಟಿದ ಸ್ವಲ್ಪ ದಿನಕ್ಕೇ ಜ್ವರ, ಫಿಟ್ಸು. ಅದು ಇಳಿದ ಮೇಲೆ ತಲೆ ಬೆಳೆಯತೊಡಗಿತು. ಅತ್ತೆ ಭೀಮವ್ವನಿಗೆ ಕಾರಣ ಗೊತ್ತಿತ್ತು. ಬಸುರಿಯಾಗಿದ್ದಾಗ, ಗ್ರಹಣದ ಹೊತ್ತಿನಲ್ಲಿ, ಮಲ್ಲಮ್ಮ ಒಂದು ಉಳ್ಳಾಗಡ್ಡಿ, ನಮ್ಮ ಕಡೆಯ ಈರುಳ್ಳಿ, ಹೆಚ್ಚಿದ್ದಳು. ಗಂಡ ಹಸಿದು ಬಂದಿದ್ದ, ರೊಟ್ಟಿಗೆ ನಂಜಿಕೊಳ್ಳಲು ಕೇಳಿದ್ದ, ಅಷ್ಟೆ. ಕೂಸಿಗೆ ಹೀಗಾದಂದಿನಿಂದ ಆ ಮನೆಯಲ್ಲಿ ಮಲ್ಲಮ್ಮ ಉಳ್ಳಾಗಡ್ಡಿ ಮುಟ್ಟುವ ಹಾಗಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ದಿನಾ ಭೀಮವ್ವನೇ ಈಳಿಗೆಮಣೆ ಎಳೆದುಕೊಂಡು, ಸೊಸೆಯ ಕಣ್ಣೆದುರಿಗೇ ಹೆಚ್ಚುತ್ತಿದ್ದಳು. ಬಾಯಿಬಿಟ್ಟು ಬೈಯುವ ಅಗತ್ಯವೇ ಇರಲಿಲ್ಲ.

ನಾನು ಹೊರಡುವ ಮುಂಚೆ ಮಲ್ಲಮ್ಮ ಲ್ಯಾಬಿಗೆ ಬಂದಳು. ಮತ್ತೆ ಬಸುರಿಯಾಗಿದ್ದಳು.

"ಅಕ್ಕಾರ, ಅಲ್ಲಿ ದೊಡ್ಡ ದೊಡ್ಡ ಡಾಕ್ಟರ್ ಇರ್ತಾರಂತಲ್ರಿ. ಒಂದ್ ಮಾತ ಕೇಳ್ಕೊಂಡ ಬರ್ರಿ. ಉಳ್ಳಾಗಡ್ಡಿ ಹೆಚ್ಚಿದ್ದಕ್ಕ ಹಿಂಗಾತೇನಂತ."

"ಅಲ್ಲ ಮಲ್ಲಮ್ಮ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನಾನೇ ಎಷ್ಟು ಸಲ ಹೇಳಿದೀನಿ?"

"ಹೇಳೀರಿ. ಮತ್ತ್ಯಾಕಾತು ಅಂದ್ರ ಹೇಳಂಗಿಲ್ಲ. ನಮ್ಮತ್ತಿ ಕಡಿ ಕಾರಣ ಅದ, ನಿಮ್ ಕಡಿ ಇಲ್ಲ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದಳು. "ಇದ್ಕೂ ಹಂಗ ಆದ್ರ ನಾ ಯಾರ ಮುಖ ನೋಡ್ಲಿ?"

ಇಷ್ಟು ವರ್ಷ ಕ್ರಿಮಿ ಬೆಳೆಸಿದ ನನ್ನ ಬಳಿ, ಆ ಮುದುಕಿಯ ಉಳ್ಳಾಗಡ್ಡಿಗೆ ಎದುರಾಗಿ ಇಡಲು ಏನೂ ಇರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ.

ಆಗ ವಿಮಾನ ನಿಲ್ದಾಣ ನಮ್ಮ ಹಲಸೂರಿನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರವಿತ್ತು. ತಪಾಸಣೆಯಲ್ಲಿ ನನ್ನ ಕೈಚೀಲವನ್ನು ಎಳೆದು ಪಕ್ಕಕ್ಕಿಟ್ಟರು. ಸಮವಸ್ತ್ರದ ಹುಡುಗ ಒಳಗಿನಿಂದ ನನ್ನ ಸ್ಟೀಲಿನ ಕಾಫಿ ಫಿಲ್ಟರು ತೆಗೆದು ಹಿಡಿದ.

"ಏನ್ ಮೇಡಂ ಇದು? ಮೆಷಿನ್ನಲ್ಲಿ ಏನೋ ಬೇರೆ ಥರಾನೇ ಕಾಣ್ತಿದೆ."

"ಕಾಫಿ ಫಿಲ್ಟರಪ್ಪ. ನಿಮ್ಮನೇಲಿ ಇಲ್ವಾ?"

"ಇದೆ ಮೇಡಂ. ಆದ್ರೆ ನಮ್ಮಮ್ಮ ಅದನ್ನ ತಗೊಂಡು ಫ್ಲೈಟ್ ಹತ್ತಲ್ಲ." ಮುಚ್ಚಳ ತೆಗೆದು ಮೂಸಿ ನೋಡಿ ಬಿಟ್ಟುಕೊಟ್ಟ.

ಪೂರ್ವದ ರಸ್ತೆ

ಎಂಟೆಬೆಯಲ್ಲಿ ಇಳಿದು, ಕಂಪಾಲಾ ದಾಟಿ, ಪೂರ್ವಕ್ಕೆ ಹೊರಟ ಜೀಪಿನಲ್ಲಿ ನನಗೆ ಕಂಡದ್ದು ಕೆಂಪು ಮಣ್ಣು. ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗೆ ಹೋದರೆ ಸಿಗುವಂಥದ್ದೇ ಮಣ್ಣು. ನನ್ನ ಅಜ್ಜಿಯ ಊರು ಆ ಕಡೆ. ಹೋದಲ್ಲೆಲ್ಲ ಊರನ್ನೇ ಹುಡುಕುವ ಈ ಚಾಳಿ ಪ್ರಯಾಣಿಕರಿಗೆ ಒಳ್ಳೆಯದಲ್ಲ ಎಂದು ಗೊತ್ತಿದ್ದರೂ ನನಗೆ ಬಿಡಲಾಗಲಿಲ್ಲ. ಜಿಂಜಾ ಎಂಬ ಊರಿನ ಬಳಿ ನೈಲ್ ನದಿ ದಾಟಿದೆವು. ಚಾಲಕ ಹೆಮ್ಮೆಯಿಂದ ಜೀಪು ನಿಧಾನ ಮಾಡಿ, ನಿಮ್ಮೂರಿನ ನದಿ ಯಾವುದು ಎಂದು ಕೇಳಿದ. ನಮ್ಮೂರಲ್ಲಿ ನದಿಯಿಲ್ಲ, ಹಲಸೂರು ಕೆರೆಯಿದೆ ಎಂದೆ. ನದಿಯಿಲ್ಲದ ಕಡೆ ಅಷ್ಟೊಂದು ಜನ ಯಾಕೆ ಸೇರಿದಿರಿ ಎಂದ. ನಾನು ಬೇರೆ ಮಾತು ತೆಗೆದೆ.

ದಾರಿಯುದ್ದಕ್ಕೂ ಕಾಫಿ ಗಿಡಗಳು, ಅಂಗಳದಲ್ಲಿ ಒಣಗುವ ಕಾಫಿ ಬೀಜ. ಕಾಫಿ ನಾಡಿಗೇ ಬಂದೆನೆಂದು ಹಿಗ್ಗಿ, ಗೆಸ್ಟ್ ಹೌಸಿನಲ್ಲಿ ಒಂದು ಲೋಟ ಕಾಫಿ ಕೇಳಿದರೆ ಹಾಲು ಬೆರೆಸಿದ ಚಹಾ ಬಂತು. ಮರುದಿನವೂ ಚಹಾ. ಅಲ್ಲಿಯವರು ಕಾಫಿ ಬೆಳೆಯುತ್ತಾರೆ, ಮಾರುತ್ತಾರೆ, ಕುಡಿಯುವುದು ಚಹಾ. ನನ್ನ ಫಿಲ್ಟರಿನಿಂದ ಡಿಕಾಕ್ಷನ್ ಇಳಿಸಿ ಅಡುಗೆಯವಳಿಗೆ ಕೊಟ್ಟೆ. ಒಂದು ಗುಟುಕು ಕುಡಿದು, ಇದು ಯಾವ ಕಾಯಿಲೆಗೆ ಎಂದು ಕೇಳಿದಳು.

ಇನ್ನೊಂದು ಪೇಚಾಟ ಲ್ಯಾಬಿನಲ್ಲಿ ಆಯಿತು. ಮೊದಲ ದಿನ ಅಲ್ಲಿನ ಸಹಾಯಕಿ ಚಹಾ ತಂದಳು, ತಂದವಳು ನನ್ನ ಎದುರು ಮಂಡಿಯೂರಿ ಕೂತು ಬಟ್ಟಲು ನೀಡಿದಳು. ಬಿದ್ದಳೇನೋ ಎಂದು ನಾನು ಧಡಕ್ಕನೆ ಎದ್ದೆ. ಬಟ್ಟಲು ನನ್ನ ಸೀರೆಯ ಮೇಲೆ. ಹಿರಿಯರಿಗೆ ಹೆಣ್ಣುಮಕ್ಕಳು ಹಾಗೆ ಮಂಡಿಯೂರಿ ಗೌರವ ತೋರುವುದು ಅಲ್ಲಿನ ರೂಢಿ. ನಮ್ಮಲ್ಲಿ ಕಾಲಿಗೆ ಬೀಳುವುದಿಲ್ಲವೇ, ಹಾಗೆ. ಕೋಣೆಯಲ್ಲಿದ್ದವರೆಲ್ಲ, ಬಾಗಿಲಲ್ಲಿ ಹಾದುಹೋಗುತ್ತಿದ್ದ ಕಾವಲುಗಾರ ಕೂಡ, "ಸಾರಿ, ಸಾರಿ" ಎಂದರು. ತಪ್ಪು ನನ್ನದು, ಸೀರೆ ನನ್ನದು, ಇವರೆಲ್ಲ ಯಾಕೆ ಕ್ಷಮೆ ಕೇಳುತ್ತಾರೆ ಎಂದು ತಿಳಿಯದೆ ನಾನೂ ಎಲ್ಲರಿಗೂ ಸಾರಿ ಎಂದೆ. ಎಡವಿದವರಿಗೆ, ಪೆನ್ನು ಬೀಳಿಸಿದವರಿಗೆ, ಮಗು ಅತ್ತಾಗ ಅದರ ತಾಯಿಗೆ, ಆ ಊರಿನಲ್ಲಿ ಎಲ್ಲರೂ ಹೀಗೆ ಹೇಳುತ್ತಾರೆಂದು ಆಮೇಲೆ ತಿಳಿಯಿತು. ಆ ಅಭ್ಯಾಸ ನನಗೆ ಬಹಳ ಹಿಡಿಸಿತು.

ಬೆಟ್ಟದ ಬುಡದ ಆಸ್ಪತ್ರೆ

ಮಕ್ಕಳ ವಾರ್ಡು ನೋಡಲು ಹೋದೆ. ನಮ್ಮ ವಾರ್ಡಿನಲ್ಲಿ ಅಪರೂಪಕ್ಕೆ ಕಾಣುವ ಕೂಸುಗಳು ಅಲ್ಲಿ ಸಾಲು ಸಾಲಾಗಿ ಮಲಗಿದ್ದವು. ಆದರೆ ತಾಯಂದಿರು ಒಂದೇ ಸಮನೆ ಮಾತಾಡುತ್ತಿದ್ದರು, ನಗುತ್ತಿದ್ದರು. ಒಬ್ಬಳು ಬಟ್ಟೆ ಒಗೆಯಲು ಹೋದರೆ ಅವಳ ಕೂಸು ತಾನಾಗಿ ಪಕ್ಕದವಳ ತೊಡೆಗೆ ದಾಟುತ್ತಿತ್ತು. ಊರಿನಲ್ಲಿ ಆ ಕೂಸನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಇಲ್ಲಿ ಎಲ್ಲರೂ ಎತ್ತಿಕೊಳ್ಳುತ್ತಾರೆ ಎಂದರು ರೋಸ್ ಸಿಸ್ಟರ್. ಅವರು ಆ ವಾರ್ಡಿನ ಮುಖ್ಯ ನರ್ಸು, ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು.

ಅಲ್ಲಿ ಸಾಧ್ಯವಾದಷ್ಟು ಮಕ್ಕಳಿಗೆ ಕೊಳವೆ ಹಾಕದೆ ನೋಡಿಕೊಳ್ಳುತ್ತಿದ್ದರು. ಕೊಳವೆ ಯಾವತ್ತಾದರೂ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಬಸ್ಸೇ ಬಾರದ ಹಳ್ಳಿಯ ತಾಯಿ ಎಲ್ಲಿ ಓಡಬೇಕು? ಆದ್ದರಿಂದ ಒಂದು ಸಣ್ಣ ದುರ್ಬೀನನ್ನು ತಲೆಯೊಳಗೆ ಇಳಿಸಿ, ನೀರು ಹರಿಯಲು ಮಿದುಳಿನ ಒಳಗೇ ಹೊಸ ದಾರಿ ಕೊರೆಯುತ್ತಿದ್ದರು, ನೀರು ಹುಟ್ಟಿಸುವ ಅಂಗಾಂಶವನ್ನು ಒಂದಿಷ್ಟು ಸುಡುತ್ತಿದ್ದರು. ಎಲ್ಲ ಮಕ್ಕಳಿಗೂ ಇದು ಫಲಿಸುವುದಿಲ್ಲ. ಫಲಿಸಿದವರಿಗೆ ಕೊಳವೆಯ ಭಯವಿಲ್ಲ.

ದುರ್ಬೀನಿನ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಎಷ್ಟೋ ಮಕ್ಕಳ ಮಿದುಳಿನ ಒಳಗೋಡೆಯ ಮೇಲೆ ಹಳೆಯ ಗಾಯದ ಕಲೆಗಳು, ಪೊರೆಗಳು ಕಾಣುತ್ತಿದ್ದವು. ಹುಟ್ಟಿದ ಮೊದಲ ವಾರಗಳಲ್ಲೇ ಸೋಂಕು ಹೊಕ್ಕು, ಮಿದುಳಿನ ನೀರಿನ ದಾರಿಯನ್ನು ಹಾಳುಗೆಡವಿದ ಗುರುತು ಅದು. ಹುಟ್ಟುವಾಗ ಈ ಮಕ್ಕಳ ತಲೆ ನೆಟ್ಟಗಿತ್ತು. ಆಮೇಲೆ ಜ್ವರ, ಫಿಟ್ಸು, ಆಮೇಲೆ ತಲೆ. ಬಸುವಿನ ಕಥೆಯೂ ಅಕ್ಷರಶಃ ಇದೇ ಆಗಿತ್ತು.

ಆದರೆ ಯಾವ ಕ್ರಿಮಿ? ನಾನು ತಟ್ಟೆಯ ಮೇಲೆ ತಟ್ಟೆ ಸವರಿದೆ. ಹೆಚ್ಚಿನವುಗಳಲ್ಲಿ ಏನೂ ಬೆಳೆಯಲಿಲ್ಲ. ಮನೆಯನ್ನೆಲ್ಲ ಹಾಳುಮಾಡಿ, ಹೇಳದೆ ಕೇಳದೆ ಖಾಲಿ ಮಾಡಿಕೊಂಡು ಹೋದ ಬಾಡಿಗೆಯವನ ಹಾಗೆ ಕ್ರಿಮಿ ಯಾವಾಗಲೋ ಹೊರಟುಹೋಗಿತ್ತು. ಅಲ್ಲಿನ ದೊಡ್ಡ ಡಾಕ್ಟರು, ಅದೇ ಸೀಮೆಯವರು, ಕಡಿಮೆ ಮಾತಿನವರು. ಒಂದು ಸಂಜೆ ಚಹಾ ಹೊತ್ತಿನಲ್ಲಿ ಧೈರ್ಯ ಮಾಡಿ ಅವರಿಗೆ ಮಲ್ಲಮ್ಮನ ಪ್ರಶ್ನೆ ಹೇಳಿದೆ. ಗ್ರಹಣ, ಉಳ್ಳಾಗಡ್ಡಿ, ಎಲ್ಲ. ನಗುತ್ತಾರೆಂದು ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ನಮ್ಮಲ್ಲಿ ಗ್ರಹಣದ ಬದಲು ನೆರೆಯವಳ ಮಾಟ, ಸತ್ತವರ ಸಿಟ್ಟು. ಎಲ್ಲ ಸುತ್ತಿ ಬಂದು ನಿಲ್ಲುವುದು ತಾಯಿಯ ತಲೆಯ ಮೇಲೆ," ಎಂದರು. "ಗ್ರಹಣದಿಂದ ಅಲ್ಲ ಎಂದು ಅವಳಿಗೆ ಧೈರ್ಯವಾಗಿ ಹೇಳಿ. ಸೋಂಕಿನಿಂದ ಇರಬೇಕು ಎಂದೂ ಹೇಳಿ. ಸೋಂಕು ಎಲ್ಲಿಂದ ಬಂತು ಎಂದು ಮಾತ್ರ ಹೇಳಬೇಡಿ. ಅದು ನಮಗೇ ಗೊತ್ತಿಲ್ಲ."

ಎಸ್ತರ್‌ಳ ಗುಡಿಸಲು

ಎಲ್ಲಿಂದ ಬಂತು ಎಂದು ಹುಡುಕಲು ಒಂದು ದಿನ ಹಳ್ಳಿಗೆ ಹೋದೆವು. ಎಸ್ತರ್ ಎಂಬ ಹುಡುಗಿಯ ಕೂಸು ಆ ವಾರ್ಡಿನಿಂದ ಮನೆಗೆ ಹೋಗಿತ್ತು. ಅವಳ ಮನೆಯ ನೀರು, ನೆಲದ ಧೂಳು ಸಂಗ್ರಹಿಸಿ ತರುವುದು ನನ್ನ ಪಾಲಿನ ಕೆಲಸ. ಮಾತು ತಿಳಿಸಲು ರೋಸ್ ಸಿಸ್ಟರ್ ಜೊತೆಗಿದ್ದರು.

ದುಂಡನೆಯ ಗೋಡೆ, ಹುಲ್ಲಿನ ಸೂರು. ಒಳಗೆ ಕಾಲಿಟ್ಟೆ, ಆ ವಾಸನೆ! ಸಗಣಿಯಿಂದ ಸಾರಿಸಿದ ನೆಲ. ಎಷ್ಟೋ ವರ್ಷಗಳ ಮೇಲೆ ಅಜ್ಜಿಯ ಪಡಸಾಲೆಗೆ ಬಂದ ಹಾಗಾಯಿತು. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ನಮ್ಮಲ್ಲೂ ಹೀಗೇ ಸಾರಿಸುತ್ತಾರೆ, ಹಬ್ಬಕ್ಕೆ ಇನ್ನೂ ಚೆನ್ನಾಗಿ ಸಾರಿಸುತ್ತಾರೆ, ಇದು ಶುದ್ಧ ಎಂದು ಹೊಗಳಿದೆ. ಎಸ್ತರ್ ಖುಷಿಯಾಗಿ ನಕ್ಕಳು. ಅವಳ ಕೂಸನ್ನು ತೊಡೆಗೆ ತೆಗೆದುಕೊಂಡೆ. ಆಮೇಲೆ, ಹಾಗೆಯೇ ನಗುನಗುತ್ತ, ಚೀಲದಿಂದ ಹತ್ತಿ ಸುತ್ತಿದ ಕಡ್ಡಿ ತೆಗೆದು, ಅದೇ ನೆಲವನ್ನು ಒರೆಸಿ ಸೀಸೆಗೆ ಹಾಕಿದೆ. ಹೊಕ್ಕುಳಿನ ಹಸಿ ಗಾಯದಿಂದ ಕ್ರಿಮಿ ಒಳಹೊಕ್ಕಿರಬಹುದೆಂದು, ಹುಟ್ಟಿದಾಗ ಅದಕ್ಕೆ ಏನು ಹಚ್ಚಿದಿರಿ ಎಂದೂ ಕೇಳಿದೆ.

ರೋಸ್ ಸಿಸ್ಟರ್ ಆ ಪ್ರಶ್ನೆಯನ್ನು ದಾಟಿಸಲು ತಡಮಾಡಿದರು. ದಾಟಿಸಿದಾಗ ಎಸ್ತರ್‌ಳ ಮುಖ ಮುಚ್ಚಿಕೊಂಡಿತು. ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಏನೋ ಕೇಳಿದಳು.

"ನಾನು ಸಾರಿಸಿದ ನೆಲವೇ ನನ್ನ ಮಗನನ್ನು ಹೀಗೆ ಮಾಡಿತೇ ಎಂದು ಕೇಳುತ್ತಿದ್ದಾಳೆ," ಎಂದರು ಸಿಸ್ಟರ್.

ನಾನು ಅಲ್ಲ ಅಲ್ಲ ಎಂದು ಕೈ ಆಡಿಸಿದೆ. ಕೈಯಲ್ಲಿ ಸೀಸೆಯಿತ್ತು. ಎಸ್ತರ್ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗೆ ಹೋಗಿ ಮರದ ಕೆಳಗೆ ನಿಂತಳು. ನಾವು ಹೊರಡುವವರೆಗೆ ಒಳಗೆ ಬರಲಿಲ್ಲ.

ಜೀಪಿನಲ್ಲಿ ಸಿಸ್ಟರ್ ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. "ನೀವು ಕ್ರಿಮಿಯನ್ನು ಹುಡುಕುತ್ತಿದ್ದೀರಿ ಎಂದು ನಿಮಗೆ ಗೊತ್ತು. ಮನೆಗೆ ಬಂದು ಮೂಲೆ ಮೂಲೆ ಒರೆಸುವವರು ಕಳ್ಳನನ್ನು ಹುಡುಕುತ್ತಿದ್ದಾರೆ ಎಂದೇ ಅವಳಿಗೆ ಕಾಣುತ್ತದೆ. ಆ ಮನೆಯಲ್ಲಿ ಇರುವವಳು ಅವಳೊಬ್ಬಳೇ."

ಇಡೀ ದಾರಿ ನನಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚಾಗಿ ಬೇರೆ ಒಂದು ಯೋಚನೆ ಹತ್ತಿತ್ತು. ಮಲ್ಲಮ್ಮ ಒಮ್ಮೆ ಮಾತಿನ ಮಧ್ಯೆ ಹೇಳಿದ್ದಳು: ಬಸು ಹುಟ್ಟಿದಾಗ ಅವನ ಹೊಕ್ಕುಳಿಗೆ ಕುಳ್ಳಿನ ಬೂದಿ ಹಚ್ಚಿದ್ದರು. ಒಲೆಯಲ್ಲಿ ಉರಿದ ಬೆರಣಿಯ ಬೂದಿ. ಹಚ್ಚಿದವಳು ಭೀಮವ್ವ.

ನಾನು ಉತ್ತರ ತರುತ್ತೇನೆಂದು ಹೋಗಿದ್ದೆ. ಆ ಉತ್ತರ ಉಳ್ಳಾಗಡ್ಡಿಯನ್ನು ಬಿಡಿಸಿ, ಬೂದಿ ಹಚ್ಚಿದ ಮುದುಕಿಯನ್ನು ಹಿಡಿಯುವಂಥದ್ದಾಗಿತ್ತು. ಸುಮ್ಮನಿದ್ದುಬಿಡೋಣವೆಂದರೆ ಮಲ್ಲಮ್ಮನ ಹೊಟ್ಟೆಯಲ್ಲಿ ಇನ್ನೊಂದು ಕೂಸಿತ್ತು. ಅದರ ಹೊಕ್ಕುಳಿಗೂ ಭೀಮವ್ವ ಬೂದಿ ಹಚ್ಚದೆ ಬಿಡುತ್ತಾಳೆಯೇ?

ರೋಸ್ ಸಿಸ್ಟರ್ ಕುರ್ಚಿ

ಇದನ್ನು ಸಿಸ್ಟರ್ ಹತ್ತಿರ ಹೇಳಿಕೊಂಡೆ. ನಾಳೆ ಒಂದು ಕೂಸು ಮನೆಗೆ ಹೋಗುತ್ತದೆ, ಬಂದು ನೋಡಿ ಎಂದರು.

ಅವರ ಕೋಣೆಯಲ್ಲಿ ಇದ್ದುದು ಒಂದೇ ಕುರ್ಚಿ. ಅದರಲ್ಲಿ ಅವರು ಕೂರುವುದಿಲ್ಲ, ತಾಯಿಯನ್ನೂ ಕೂರಿಸುವುದಿಲ್ಲ. ಕೂಸಿನ ಅಜ್ಜಿಯನ್ನು ಕರೆದು ಕೂರಿಸಿದರು, ತಾವು ಮಂಡಿಯೂರಿದರು. ನಿಮಗೆ ಎಷ್ಟು ಮಕ್ಕಳು, ಹೇಗೆ ಸಾಕಿದಿರಿ ಎಂದು ಕೇಳಿದರು. ಮುದುಕಿ ಮಾತಾಡಿದಳು, ಮಾತಾಡಿದಳು. ಕೊನೆಗೆ ಸಿಸ್ಟರ್ ಹೇಳಿದ್ದು, ಆಮೇಲೆ ನನಗೆ ತಿಳಿಸಿದಂತೆ, ಇಷ್ಟು: "ಮುಂದಿನ ಕೂಸಿನ ಹೊಕ್ಕುಳಿಗೆ ಯಾರೂ ಏನೂ ಹಚ್ಚಬಾರದು. ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಅವರನ್ನು ತಡೆಯುವ ಶಕ್ತಿ ನಿಮ್ಮೊಬ್ಬರಿಗೇ ಇದೆ. ಆ ಕಾವಲು ನಿಮಗೆ ಬಿಟ್ಟಿದ್ದೇನೆ." ಮುದುಕಿ ಕುರ್ಚಿಯಲ್ಲಿ ನೆಟ್ಟಗಾದಳು. ಹಿಂದಿನದರ ಮಾತೇ ಬರಲಿಲ್ಲ.

ಎಂಥ ಜಾಣೆ ಎಂದುಕೊಂಡೆ. ಆ ಮಾತುಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿದೆ. ಫಿಲ್ಟರನ್ನು ಅಡುಗೆಯವಳಿಗೆ ಕೊಟ್ಟುಬಂದೆ. ಅಷ್ಟು ಹೊತ್ತಿಗೆ ಅವಳಿಗೆ ಆ ಕಾಯಿಲೆ ಹತ್ತಿತ್ತು.

ಬೈಯಪ್ಪನಹಳ್ಳಿ

ಬಂದ ಮೊದಲ ಭಾನುವಾರವೇ ಹೋದೆ. ಮಲ್ಲಮ್ಮನಿಗೆ ತಿಂಗಳು ತುಂಬಿತ್ತು. ಬಸು ನೆಲದ ಮೇಲೆ ಪಾತ್ರೆಯ ಮುಚ್ಚಳ ತಿರುಗಿಸುತ್ತ ಕೂತಿದ್ದ. ನನ್ನನ್ನು ನೋಡಿ ನಕ್ಕ. ಭೀಮವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಉಳ್ಳಾಗಡ್ಡಿ ಬುಟ್ಟಿ, ಈಳಿಗೆಮಣೆ. ಆ ಮನೆಯಲ್ಲಿ ಕುರ್ಚಿ ಇರಲಿಲ್ಲ. ನಾನು ಭೀಮವ್ವನ ಎದುರಿಗೇ ನೆಲದ ಮೇಲೆ ಕೂತೆ.

"ಕೇಳಿದ್ರೇನ್ರಿ ಅಕ್ಕಾರ?" ಎಂದಳು ಮಲ್ಲಮ್ಮ. ಅತ್ತೆಯ ಎದುರಿಗೇ ಕೇಳಿದಳು.

"ಕೇಳ್ದೆ. ಗ್ರಹಣದಿಂದ ಅಲ್ಲ. ಉಳ್ಳಾಗಡ್ಡಿಯಿಂದ ಖಂಡಿತ ಅಲ್ಲ. ಹುಟ್ಟಿದ ಮೇಲೆ ಬಂತಲ್ಲ ಜ್ವರ, ಆ ಜ್ವರದ ಕ್ರಿಮಿ ತಲೆಗೆ ಹತ್ತಿ ನೀರಿನ ದಾರಿ ಕಟ್ಟಿರಬೇಕು. ಅಲ್ಲಿ ಅಂಥ ಮಕ್ಕಳನ್ನ ಸಾಲಾಗಿ ನೋಡ್ಕೊಂಡು ಬಂದೆ."

ಮಲ್ಲಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನು ಭೀಮವ್ವನ ಕಡೆ ತಿರುಗಿ, ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ. "ಭೀಮವ್ವಾ, ನೀವು ಐದು ಮಕ್ಕಳನ್ನ ಸಾಕಿದವ್ರು. ಈ ಸಲ ಕೂಸಿನ ಹೊಕ್ಕಳಿಗೆ ಯಾರೂ ಏನೂ ಹಚ್ಚದ ಹಾಗೆ ನೀವೇ ಕಾವಲು..."

ರೊಟ್ಟಿ ಬಡಿಯುವ ಕೈ ನಿಂತಿತು. "ಅಕ್ಕಾರ, ಬೆಲ್ಲಾ ಹಚ್ಚಿ ಮಾತಾಡಬ್ಯಾಡ್ರಿ. ಹೊಕ್ಕಳ ಮಾತ ಯಾಕ್ ಬಂತು? ಅದಕ್ಕ ಬೂದಿ ಹಚ್ಚಿದಾಕಿ ನಾ. ನನ್ ಐದೂ ಮಕ್ಕಳಿಗಿ ಹಚ್ಚೀನಿ, ಇದ್ಕೂ ಹಚ್ಚಿದೆ." ಅವಳ ದನಿ ಇಳಿಯಿತು. "ಖರೇ ಹೇಳ್ರಿ. ನನ್ನಿಂದ ಆತೇನು?"

ರೋಸ್ ಸಿಸ್ಟರ್ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಗೊತ್ತಿಲ್ಲ ಭೀಮವ್ವಾ. ಇರಬಹುದು, ಇಲ್ದೇನೂ ಇರಬಹುದು. ನೀರಿಂದ, ನೆಲದಿಂದ, ಹೆರಿಗೆ ಹೊತ್ತಲ್ಲಿ, ಎಲ್ಲಿಂದ ಬೇಕಾದ್ರೂ ಬಂದಿರಬಹುದು. ಅಷ್ಟು ಓದಿದವ್ರಿಗೂ ಇನ್ನೂ ಗೊತ್ತಾಗಿಲ್ಲ. ಹೊಕ್ಕಳನ್ನ ಒಣಗಿರೋ ಹಾಗೆ, ಸ್ವಚ್ಛವಾಗಿ ಬಿಟ್ಟರೆ ಕೂಸಿಗೆ ಒಳ್ಳೇದು. ಅದೊಂದು ಗೊತ್ತು."

ಹಳಿಯ ಮೇಲೆ ರೈಲೊಂದು ಹಾದುಹೋಯಿತು. ನಾನು ಮಲ್ಲಮ್ಮನನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ದಿನಾ ಊಟದ ಹೊತ್ತಿಗೆ ಅವಳ ಕಣ್ಣೆದುರು ಆ ಈಳಿಗೆ ಆಡಿತ್ತು. ಆ ದೂರನ್ನು ಅತ್ತೆಯ ಮೇಲೆ ತಿರುಗಿಸಲು ಈಗ ಒಂದೇ ಮಾತು ಸಾಕಿತ್ತು. ನಾನು ಅದನ್ನು ಕಾಯುತ್ತಿದ್ದೆ. ಒಳಗೊಳಗೆ ಬಯಸುತ್ತಲೂ ಇದ್ದೆ.

"ಅವ್ರಿಗೇ ಗೊತ್ತಿಲ್ಲಂತ, ಅತ್ತಿ," ಎಂದಳು ಮಲ್ಲಮ್ಮ. "ನೀವ್ಯಾಕ ಸುಮ್ಮ ಮೈಮ್ಯಾಲ ಹಾಕ್ಕೋತೀರಿ? ಕೂಸಿಗಿ ಚಲೋ ಆಗ್ಲಿ ಅಂತ ಹಚ್ಚೀರಿ. ಈ ಕೂಸಿಗಿ ಹಚ್ಚೂದು ಬ್ಯಾಡ. ಅಷ್ಟ."

ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿತ್ತು. ಭೀಮವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬುಟ್ಟಿಯಿಂದ ದಪ್ಪನೆಯದೊಂದು ಉಳ್ಳಾಗಡ್ಡಿ ಆರಿಸಿ, ಈಳಿಗೆಮಣೆಯ ಮೇಲಿಟ್ಟು, ಮಣೆಯನ್ನು ಸೊಸೆಯ ಕಡೆ ತಳ್ಳಿದಳು.

"ಅಕ್ಕಾರು ಉಣ್ಣಾಕ ಕುಂತಾರ. ಹೆಚ್ಚು."

ಮಲ್ಲಮ್ಮ ಒಮ್ಮೆ ಬಾಗಿಲಾಚೆ ನೋಡಿದಳು. ಹೊರಗೆ ಗ್ರಹಣವಿಲ್ಲದ ನಿಚ್ಚಳ ಬಿಸಿಲಿತ್ತು. ತುಂಬಿದ ಹೊಟ್ಟೆ ಹಿಡಿದು ಮೆಲ್ಲಗೆ ಕೂತು, ಮಣೆಯ ಮೇಲೆ ಕಾಲೂರಿ ಹೆಚ್ಚತೊಡಗಿದಳು. ಅಭ್ಯಾಸ ತಪ್ಪಿದ ಕೈ, ಹೋಳುಗಳು ಒಂದೊಂದು ಒಂದೊಂದು ದಪ್ಪಕ್ಕೆ ಬಿದ್ದವು. ಮೊದಲ ಹೋಳನ್ನು ಭೀಮವ್ವ ಕೈಚಾಚಿ ತಾನೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.